ಸೆಕೆಂಡಿಗೆ ಎಷ್ಟು ಚಿತ್ರಗಳು ಸಾಕು?

ಗಣಕಯಂತ್ರದ ಆಟಗಳಲ್ಲಿ ಆಸಕ್ತಿಯುಳ್ಳ ತರುಣರು ನಾಲ್ವರು ಕೂಡಿದಲ್ಲಿ ಒಂದು ವಾದ ತಪ್ಪದೆ ಏಳುತ್ತದೆ. “ಮನುಷ್ಯನ ಕಣ್ಣು ಸೆಕೆಂಡಿಗೆ ೨೪ ಚಿತ್ರಗಳಿಗಿಂತ ಹೆಚ್ಚನ್ನು ಕಾಣಲಾರದು, ಉಳಿದುದೆಲ್ಲ ವ್ಯಾಪಾರಿಗಳ ತಂತ್ರ” ಎಂದು ಒಬ್ಬನು ಹೇಳುತ್ತಾನೆ. “೨೪೦ ಚಿತ್ರಗಳನ್ನು ತೋರಿಸಲಾರದ ತೆರೆಯ ಮುಂದೆ ಕುಳಿತವನು ಆಡುವ ಮೊದಲೇ ಸೋತಂತೆ” ಎಂದು ಇನ್ನೊಬ್ಬನು ಉತ್ತರಿಸುತ್ತಾನೆ. ಇಬ್ಬರೂ ವಿಜ್ಞಾನದ ಹೆಸರನ್ನೇ ಎತ್ತುತ್ತಾರೆ. ಆದರೆ ಇಬ್ಬರಲ್ಲಿ ಯಾರೂ “ಯಾವ ಕೆಲಸಕ್ಕೆ ಸಾಕು?” ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಇದು ಕೇವಲ ಆಟದ ಮಾತು, ಇದಕ್ಕೆ ಇಷ್ಟು ವಿಚಾರವೇಕೆ ಎಂದು ಹಿರಿಯರು ಕೇಳಬಹುದು. ಹಾಗಲ್ಲ. ಈ ವಾದದ ಕೊನೆಯಲ್ಲಿ ಒಂದು ಕುಟುಂಬದ ತಿಂಗಳ ಸಂಬಳವೋ ಎರಡು ತಿಂಗಳ ಸಂಬಳವೋ ಹೊಸ ತೆರೆಗೆ, ಹೊಸ ಯಂತ್ರಕ್ಕೆ, ಹೊಸ ಮೊಬೈಲಿಗೆ ವ್ಯಯವಾಗುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಉಂಟು. ಅಂಕಿಯೊಂದನ್ನು ಮುಂದೊಡ್ಡಿದ ಕೂಡಲೆ ಅದನ್ನು ಒಪ್ಪಿಬಿಡುವುದು, ಇಲ್ಲವೆ ಕೇಳಿಬಂದ ಮಾತನ್ನೇ ಶಾಸ್ತ್ರವೆಂದು ನಂಬುವುದು, ಇವೆರಡೂ ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಅಭ್ಯಾಸಗಳಲ್ಲ. ಆದುದರಿಂದ ಈ ಪ್ರಶ್ನೆಯನ್ನು ಬುಡದಿಂದ ಪರಿಶೀಲಿಸುವುದು ಯುಕ್ತ. ಯಂತ್ರವು ಸೆಕೆಂಡಿಗೆ ರಚಿಸಿಕೊಡುವ ಚಿತ್ರಗಳ ಸಂಖ್ಯೆಯನ್ನು ಆಟಗಾರರು ‘ಫ್ರೇಮ್ ರೇಟ್’ ಎನ್ನುತ್ತಾರೆ. ಇಲ್ಲಿ ಅದನ್ನು ಚಿತ್ರಗತಿ ಎಂದು ಕರೆಯೋಣ.

೨೪ರ ಮೂಲ

ತೆರೆಯ ಮೇಲೆ ಯಾವುದೂ ಚಲಿಸುವುದಿಲ್ಲ ಎಂಬುದನ್ನು ಮೊದಲು ನೆನಪಿನಲ್ಲಿಡಬೇಕು. ಅಲ್ಲಿ ಇರುವುವು ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳು. ಚಲನೆಯನ್ನು ಕಟ್ಟುವುದು ನಮ್ಮ ಮಿದುಳು. ಬೆಲ್ಜಿಯಂ ದೇಶದ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ ೧೮೩೨ರಲ್ಲಿ ಸೀಳುಗಂಡಿಗಳುಳ್ಳ ತಟ್ಟೆಯೊಂದನ್ನು ತಿರುಗಿಸಿ, ಬರೆದ ಬೊಂಬೆಗಳು ಕುಣಿಯುವಂತೆ ಮಾಡಿ ತೋರಿಸಿದನು. ಅಕ್ಷಿಪಟದ ಮೇಲೆ ಚಿತ್ರವು ಕೆಲಹೊತ್ತು ಉಳಿಯುವುದೇ ಇದಕ್ಕೆ ಕಾರಣವೆಂದು ಬಹುಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದುವು. ಈ ವಿವರಣೆ ಸಾಲದು. ಚಿತ್ರಗಳು ಕಣ್ಣಿನಲ್ಲಿ ಉಳಿಯುವುದಷ್ಟೇ ಆಗಿದ್ದರೆ ನಮಗೆ ಕಾಣಬೇಕಾದುದು ಒಂದರ ಮೇಲೊಂದು ಬಿದ್ದ ಚಿತ್ರಗಳ ಕಲಸುಮೇಲೋಗರ, ಚಲನೆಯಲ್ಲ. ಎರಡು ದೀಪಗಳನ್ನು ತಕ್ಕ ಅಂತರದಲ್ಲಿ ಒಂದಾದಮೇಲೊಂದು ಬೆಳಗಿದರೆ ಅವುಗಳ ನಡುವೆ ಚಲನೆಯೇ ಕಾಣುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ೧೯೧೨ರಲ್ಲಿ ವಿವರಿಸಿದನು. ಚಲನೆಯೆಂಬುದು ಮಿದುಳಿನ ತೀರ್ಮಾನ. ಈ ತೀರ್ಮಾನಕ್ಕೆ ಸೆಕೆಂಡಿಗೆ ಹತ್ತು ಹನ್ನೆರಡು ಚಿತ್ರಗಳೇ ಸಾಕಾಗುತ್ತವೆ.

ಹಾಗಾದರೆ ೨೪ ಎಲ್ಲಿಂದ ಬಂದಿತು? ಕಣ್ಣಿನಿಂದಲ್ಲ, ಕಿವಿಯಿಂದ! ೧೮೯೫ರಲ್ಲಿ ಲುಮಿಯೇರ್ ಸೋದರರು ತೋರಿಸಿದ ಚಲನಚಿತ್ರಗಳು ಸೆಕೆಂಡಿಗೆ ಸುಮಾರು ೧೬ ಚಿತ್ರಗಳ ಗತಿಯಲ್ಲಿ ಓಡುತ್ತಿದ್ದುವು. ಮೂಕಚಿತ್ರಗಳ ಕಾಲದಲ್ಲಿ ಕೈಯಿಂದ ತಿರುಗಿಸುವ ಯಂತ್ರಗಳಿದ್ದುದರಿಂದ ಗತಿಯಲ್ಲಿ ಏರುಪೇರು ಸಹಜವಾಗಿತ್ತು. ೧೯೨೦ರ ದಶಕದ ಕೊನೆಯಲ್ಲಿ ವಾಕ್ಚಿತ್ರಗಳು ಬಂದುವು. ಫಿಲ್ಮಿನ ಅಂಚಿನಲ್ಲಿ ಮುದ್ರಿಸಿದ ಧ್ವನಿ ಸ್ಪಷ್ಟವಾಗಿ ಕೇಳಬೇಕಾದರೆ ಫಿಲ್ಮು ಒಂದೇ ವೇಗದಲ್ಲಿ, ಸಾಕಷ್ಟು ಬೇಗನೆ ಓಡಬೇಕು. ವೇಗ ಹೆಚ್ಚಿದಷ್ಟೂ ಫಿಲ್ಮಿನ ಖರ್ಚು ಹೆಚ್ಚು. ಈ ಎರಡರ ನಡುವಣ ರಾಜಿಯೇ ನಿಮಿಷಕ್ಕೆ ೯೦ ಅಡಿ, ಅಂದರೆ ಸೆಕೆಂಡಿಗೆ ೨೪ ಚಿತ್ರ. ೧೯೩೪ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಕಾಲಕ್ಕೆ ಈ ಕಟ್ಟಳೆ ಲೋಕದಲ್ಲೆಲ್ಲ ರೂಢಿಗೆ ಬಂದಿತ್ತು. ಮುಂದೆ ಇದೇ ಅಂಕಿಯನ್ನು ಜನರು ಕಣ್ಣಿನ ಮಿತಿಯೆಂದು ತಪ್ಪಾಗಿ ತಿಳಿದರು.

೨೪ ಚಿತ್ರಗಳೇ ಕಣ್ಣಿಗೆ ಸಾಕಾಗಿದ್ದರೆ ಚಿತ್ರಮಂದಿರದ ಯಂತ್ರವಿಶಾರದರು ಒಂದು ಉಪಾಯವನ್ನು ಹೂಡಬೇಕಾಗಿಯೇ ಇರಲಿಲ್ಲ. ಫಿಲ್ಮಿನ ಪ್ರಕ್ಷೇಪಕಯಂತ್ರದಲ್ಲಿ ತಿರುಗುವ ರೆಕ್ಕೆಯೊಂದು ಪ್ರತಿಯೊಂದು ಚಿತ್ರದ ಬೆಳಕನ್ನು ಎರಡು ಸಲ, ಕೆಲವು ಯಂತ್ರಗಳಲ್ಲಿ ಮೂರು ಸಲ, ತಡೆದು ಬಿಡುತ್ತಿತ್ತು. ಹೀಗೆ ೨೪ ಚಿತ್ರಗಳು ೪೮ ಅಥವಾ ೭೨ ಮಿಂಚುಗಳಾಗಿ ತೆರೆಯ ಮೇಲೆ ಬೀಳುತ್ತಿದ್ದುವು. ಇಲ್ಲವಾದರೆ ಬೆಳಕಿನ ಮಿಣುಕಾಟ ಪ್ರೇಕ್ಷಕನಿಗೆ ತಲೆನೋವನ್ನು ತರುತ್ತಿತ್ತು. ೨೪ಕ್ಕಿಂತ ಹೆಚ್ಚನ್ನು ಕಣ್ಣು ಅರಿಯದೆಂಬ ವಾದವನ್ನು ಚಿತ್ರಮಂದಿರವೇ ಖಂಡಿಸುತ್ತದೆ.

ಒಂದು ಪ್ರಶ್ನೆಯಲ್ಲ, ನಾಲ್ಕು

ಈ ಚರ್ಚೆಯಲ್ಲಿ ಗೊಂದಲ ಹುಟ್ಟುವುದಕ್ಕೆ ಕಾರಣವೆಂದರೆ, ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ಭಾವಿಸುವುದು. ಮೊದಲನೆಯದು, ಚಲನೆಯ ಭ್ರಮೆ ಹುಟ್ಟಲು ಎಷ್ಟು ಚಿತ್ರ ಬೇಕು? ಇದಕ್ಕೆ ಉತ್ತರವನ್ನು ಮೇಲೆ ಕಂಡೆವು.

ಎರಡನೆಯದು, ಮಿಣುಕಾಟ ಯಾವಾಗ ಅಡಗುತ್ತದೆ? ಇದಕ್ಕೆ ಒಂದೇ ಅಂಕಿಯಿಲ್ಲ. ಬೆಳಕು ಪ್ರಖರವಾದಷ್ಟೂ ಈ ಮಿತಿ ಏರುತ್ತದೆ. ಬೆಳಕಿನ ತೀವ್ರತೆಯ ಲಾಗರಿತಮ್ಮಿಗೆ ಅನುಗುಣವಾಗಿ ಏರುತ್ತದೆಂಬುದು ಫೆರಿ-ಪೋರ್ಟರ್ ನಿಯಮ. ಇದಲ್ಲದೆ ಕಣ್ಣಿನ ನಡುಭಾಗಕ್ಕಿಂತ ಅಂಚು ಮಿಣುಕನ್ನು ಚೆನ್ನಾಗಿ ಗುರುತಿಸುತ್ತದೆ. ಹಳೆಯ ಗಾಜಿನ ಕೊಳವೆಯ ತೆರೆಗಳು ೬೦ರ ಗತಿಯಲ್ಲಿ ನೇರವಾಗಿ ನೋಡಿದಾಗ ಸ್ಥಿರವಾಗಿ ಕಂಡು, ಓರೆಗಣ್ಣಿನಿಂದ ನೋಡಿದಾಗ ನಡುಗುತ್ತಿದ್ದುದಕ್ಕೆ ಇದೇ ಕಾರಣ. ಇಂದಿನ ಚಪ್ಪಟೆ ತೆರೆಗಳು ಒಂದು ಚಿತ್ರವನ್ನು ಮುಂದಿನದು ಬರುವವರೆಗೆ ಹಿಡಿದಿಟ್ಟುಕೊಳ್ಳುವುದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪಿದೆ.

ಮೂರನೆಯದು, ಯಾವ ಗತಿಯ ಆಚೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ? ಇಲ್ಲಿ ಉತ್ತರ ಆಶ್ಚರ್ಯಕರವಾಗಿದೆ. ೨೦೧೫ರಲ್ಲಿ ಜೇಮ್ಸ್ ಡೇವಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ತೆರೆಯ ಮೇಲಣ ಚಿತ್ರದಲ್ಲಿ ಸ್ಪಷ್ಟವಾದ ಅಂಚುಗಳಿದ್ದರೆ ಸೆಕೆಂಡಿಗೆ ೫೦೦ರ ಗತಿಯಲ್ಲಿ ಸಹ ಜನರು ಮಿಣುಕನ್ನು ಗುರುತಿಸಬಲ್ಲರು. ಕಣ್ಣುಗುಡ್ಡೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಥಟ್ಟನೆ ಹಾರುವಾಗ ಅಂಚುಗಳು ಅಕ್ಷಿಪಟದ ಬೇರೆ ಬೇರೆ ಸ್ಥಳಗಳಲ್ಲಿ ಬೀಳುವುದೇ ಇದಕ್ಕೆ ಕಾರಣ. ‘ಕಣ್ಣಿನ ಮಿತಿ ಇಷ್ಟು’ ಎಂದು ಒಂದೇ ಅಂಕಿಯನ್ನು ಹೇಳುವವರೆಲ್ಲರಿಗೂ ಇದು ಉತ್ತರ.

ನಾಲ್ಕನೆಯದು ಆಟಕ್ಕೇ ವಿಶಿಷ್ಟವಾದುದು: ನಾನು ಕೈಯಾಡಿಸಿದುದರ ಫಲ ತೆರೆಯ ಮೇಲೆ ಎಷ್ಟು ಬೇಗ ಕಾಣಬೇಕು? ಚಲನಚಿತ್ರವನ್ನು ನೋಡುವವನು ಪ್ರೇಕ್ಷಕ. ಆಟವನ್ನು ಆಡುವವನು ಪಾತ್ರಧಾರಿ. ಪ್ರೇಕ್ಷಕನಿಗೆ ವಿಳಂಬವೆಂಬುದಿಲ್ಲ. ಪಾತ್ರಧಾರಿಗೆ ಅದೇ ಮುಖ್ಯ.

ಚಲನಚಿತ್ರಕ್ಕೆ ೨೪ ಸಾಕಾದುದು ಆಟಕ್ಕೆ ಸಾಲದಿರುವುದಕ್ಕೆ ಮತ್ತೊಂದು ಕಾರಣವಿದೆ. ಕ್ಯಾಮೆರದ ಕಣ್ಣು ಪ್ರತಿಯೊಂದು ಚಿತ್ರಕ್ಕೂ ಸಾಮಾನ್ಯವಾಗಿ ಸೆಕೆಂಡಿನ ೪೮ನೆಯ ಒಂದು ಭಾಗದಷ್ಟು ಹೊತ್ತು ತೆರೆದಿರುತ್ತದೆ. ಅಷ್ಟರಲ್ಲಿ ಚಲಿಸಿದ ವಸ್ತು ಫಿಲ್ಮಿನ ಮೇಲೆ ಮಸುಕಾಗಿ ಮೂಡುತ್ತದೆ. ಈ ಮಸುಕೇ ಚಿತ್ರಗಳ ನಡುವಣ ಬಿರುಕನ್ನು ಮುಚ್ಚುವ ಗಾರೆ. ಗಣಕಯಂತ್ರವಾದರೋ ಒಂದು ಕ್ಷಣಬಿಂದುವಿನ ಚಿತ್ರವನ್ನು ಕೊರೆದಂತೆ ಬರೆಯುತ್ತದೆ. ಆದುದರಿಂದ ಅದೇ ೨೪ರ ಗತಿಯಲ್ಲಿ ಆಟವು ಕುಂಟುತ್ತದೆ.

ಇಳಿಯುತ್ತ ಹೋಗುವ ಲಾಭ

ಇನ್ನು ಲೆಕ್ಕಕ್ಕೆ ಬರೋಣ. ಜಾಹಿರಾತುಗಳು ಚಿತ್ರಗತಿಯನ್ನು ಹೇಳುತ್ತವೆ. ಕಣ್ಣು ಮತ್ತು ಕೈ ಅನುಭವಿಸುವುದು ಒಂದು ಚಿತ್ರದ ಕಾಲಾವಧಿಯನ್ನು. ಒಂದು ಮತ್ತೊಂದರ ವ್ಯುತ್ಕ್ರಮ. ಸೆಕೆಂಡಿಗೆ ೩೦ ಚಿತ್ರಗಳಾದರೆ ಒಂದೊಂದಕ್ಕೆ ೩೩.೩ ಮಿಲಿಸೆಕೆಂಡು, ೬೦ ಆದರೆ ೧೬.೭, ೧೨೦ ಆದರೆ ೮.೩, ೨೪೦ ಆದರೆ ೪.೨, ೪೮೦ ಆದರೆ ೨.೧. ಎಂದಮೇಲೆ ೩೦ರಿಂದ ೬೦ಕ್ಕೆ ಏರಿದಾಗ ಉಳಿಯುವುದು ೧೬.೭ ಮಿಲಿಸೆಕೆಂಡು. ೬೦ರಿಂದ ೧೨೦ಕ್ಕೆ ಏರಿದಾಗ ೮.೩. ೧೨೦ರಿಂದ ೨೪೦ಕ್ಕೆ ಏರಿದಾಗ ೪.೨. ಪ್ರತಿಯೊಂದು ಮೆಟ್ಟಿಲಿನಲ್ಲಿ ಯಂತ್ರದ ದುಡಿಮೆ ಸುಮಾರು ಇಮ್ಮಡಿಯಾಗುತ್ತದೆ, ಲಾಭ ಅರ್ಧವಾಗುತ್ತದೆ.

ಗಣಿತದ ತರಗತಿಯಲ್ಲಿ ಗುಣೋತ್ತರ ಶ್ರೇಢಿಯನ್ನು ಕಲಿತ ವಿದ್ಯಾರ್ಥಿ ಇಲ್ಲಿ ಒಂದು ಸೊಗಸಾದ ಸಂಗತಿಯನ್ನು ಕಾಣುತ್ತಾನೆ. ೬೦ರ ಮುಂದಿನ ಮೆಟ್ಟಿಲುಗಳನ್ನೆಲ್ಲ, ಅನಂತದವರೆಗೆ, ಒಟ್ಟುಗೂಡಿಸಿದರೂ ಉಳಿತಾಯ ೧೬.೭ ಮಿಲಿಸೆಕೆಂಡಿಗೆ ಮೀರದು. ಅಂದರೆ ೩೦ರಿಂದ ೬೦ಕ್ಕೆ ಇಟ್ಟ ಒಂದೇ ಹೆಜ್ಜೆಯ ಲಾಭ, ಅದರ ಮುಂದೆ ಇಡಬಹುದಾದ ಎಲ್ಲ ಹೆಜ್ಜೆಗಳ ಒಟ್ಟು ಲಾಭಕ್ಕೆ ಸಮ. ೬೦ ಎಂಬ ಅಂಕಿಗೆ ನಾನು ಕೊಡುವ ಮಹತ್ವಕ್ಕೆ ಈ ಸರಳ ಲೆಕ್ಕ ಒಂದು ಆಧಾರ.

ಆದರೆ ಹೆಚ್ಚಿನ ಗತಿಯ ಪಕ್ಷವನ್ನು ಹಿಡಿಯುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ಅವರ ಬಳಿ ಎರಡು ಬಲವಾದ ಸಾಕ್ಷ್ಯಗಳಿವೆ. ಮೊದಲನೆಯದು, ಚಲನೆಯ ಮಸುಕು. ೧,೯೨೦ ಬಿಂದುಗಳ ಅಗಲದ ತೆರೆಯನ್ನು ಒಂದು ವಸ್ತು ಎರಡು ಸೆಕೆಂಡುಗಳಲ್ಲಿ ದಾಟುತ್ತದೆಂದು ಇಟ್ಟುಕೊಳ್ಳಿ. ಕಣ್ಣು ಅದನ್ನು ನಯವಾಗಿ ಹಿಂಬಾಲಿಸುತ್ತದೆ. ಚಿತ್ರವಾದರೋ ಮುಂದಿನದು ಬರುವವರೆಗೆ ನಿಂತಲ್ಲೇ ನಿಂತಿರುತ್ತದೆ. ಆದುದರಿಂದ ಅದು ಅಕ್ಷಿಪಟದ ಮೇಲೆ ಉಜ್ಜಿದಂತೆ ಹರಡಿಕೊಳ್ಳುತ್ತದೆ. ಈ ಹರಡಿಕೆ ೬೦ರ ಗತಿಯಲ್ಲಿ ೧೬ ಬಿಂದುಗಳಷ್ಟು, ೧೨೦ರಲ್ಲಿ ೮, ೨೪೦ರಲ್ಲಿ ೪. ಓಡುತ್ತಿರುವ ಗುರಿಯನ್ನು ಸ್ಪಷ್ಟವಾಗಿ ಕಾಣಬೇಕಾದವನಿಗೆ ಇದು ನಿಜವಾದ ಲಾಭ, ಕಲ್ಪನೆಯಲ್ಲ.

ಎರಡನೆಯದು, ಸ್ಪರ್ಧೆ. ಬೆಳಕನ್ನು ಕಂಡು ಗುಂಡಿಯನ್ನು ಒತ್ತಲು ಮನುಷ್ಯನಿಗೆ ಸುಮಾರು ೨೦೦ರಿಂದ ೨೫೦ ಮಿಲಿಸೆಕೆಂಡು ಹಿಡಿಯುತ್ತದೆ. ಇದರ ಮುಂದೆ ಎಂಟು ಮಿಲಿಸೆಕೆಂಡು ಯಾವ ಲೆಕ್ಕ ಎಂದು ಕೆಲವರು ಹೇಳುವುದುಂಟು. ಇದು ಸರಿಯಾದ ತರ್ಕವಲ್ಲ. ೧೦೦ ಮೀಟರು ಓಟದಲ್ಲಿ ಹತ್ತು ಸೆಕೆಂಡು ಓಡಿದವರ ನಡುವೆ ಸೆಕೆಂಡಿನ ನೂರನೆಯ ಒಂದು ಭಾಗ ಗೆಲವನ್ನು ತೀರ್ಮಾನಿಸುತ್ತದೆ. ಸಮಬಲರ ಸ್ಪರ್ಧೆಯಲ್ಲಿ ಸಣ್ಣ ಅಂತರಕ್ಕೂ ಬೆಲೆಯಿದೆ. ಆದುದರಿಂದ ವೃತ್ತಿಯ ಆಟಗಾರರು ೨೪೦, ೩೬೦ರ ತೆರೆಗಳನ್ನು ಆರಿಸಿಕೊಳ್ಳುವುದು ಮೌಢ್ಯವಲ್ಲ. ಆದರೆ ‘ಸಮಬಲರ’ ಎಂಬ ಮಾತನ್ನು ಗಮನಿಸಬೇಕು. ಗುರಿಯಿಡುವುದನ್ನು ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿ ತನ್ನ ಎದುರಾಳಿಗಿಂತ ಅರವತ್ತು ಎಪ್ಪತ್ತು ಮಿಲಿಸೆಕೆಂಡು ನಿಧಾನವಾಗಿದ್ದರೆ, ಅದನ್ನು ನಾಲ್ಕು ಮಿಲಿಸೆಕೆಂಡಿನ ತೆರೆಯಿಂದ ತುಂಬಿಕೊಳ್ಳಲಾರನು, ಅಭ್ಯಾಸದಿಂದ ತುಂಬಿಕೊಳ್ಳಬಹುದು.

ಸಂಶೋಧನೆಗಳು ಹೇಳುವುದೇನು?

ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್ ಸಂಸ್ಥೆಯ ಮಾರ್ಕ್ ಕ್ಲೇಪೂಲ್ ಮತ್ತು ಸಂಗಡಿಗರು ಗುಂಡುಹಾರಿಸುವ ಆಟಗಳನ್ನು ಜನರಿಂದ ಆಡಿಸಿ, ೨೦೦೬ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಆಟಗಾರನ ಸಾಧನೆಯ ಮೇಲೆ ಚಿತ್ರದ ಸೂಕ್ಷ್ಮತೆಗಿಂತ ಚಿತ್ರಗತಿಯ ಪರಿಣಾಮವೇ ಹೆಚ್ಚೆಂದು ಅವರು ಕಂಡರು. ಇದರಿಂದ ದೊರೆಯುವ ನೀತಿ ಸ್ಪಷ್ಟ. ಹಳೆಯ ಯಂತ್ರವುಳ್ಳವನು ಚಿತ್ರದ ಅಂದಚೆಂದವನ್ನು ಕಡಿಮೆ ಮಾಡಿ ಗತಿಯನ್ನು ಉಳಿಸಿಕೊಳ್ಳುವುದು ಜಾಣತನ. ನೆರಳು, ಹೊಗೆ, ನೀರಿನ ಪ್ರತಿಬಿಂಬ ಇವುಗಳನ್ನು ತಗ್ಗಿಸಿದರೆ ಕಾಸು ಖರ್ಚಿಲ್ಲದೆ ಗತಿ ಏರುತ್ತದೆ.

ಇನ್ನೊಂದು ಸಂಶೋಧನೆ ಮತ್ತಷ್ಟು ಸ್ವಾರಸ್ಯವಾದುದು. ೨೦೧೯ರಲ್ಲಿ ಎನ್ವಿಡಿಯ ಸಂಸ್ಥೆಯ ಸಂಶೋಧಕರೇ ನಡೆಸಿದ ಪ್ರಯೋಗವೊಂದರಲ್ಲಿ, ೬೦ರ ಆಚೆಗೆ ತೆರೆಯ ಗತಿಯನ್ನು ಏರಿಸುವುದಕ್ಕಿಂತ ಒಟ್ಟು ವಿಳಂಬವನ್ನು ಇಳಿಸುವುದೇ ಗುರಿಯಿಡುವ ಕೆಲಸಕ್ಕೆ ಹೆಚ್ಚು ಸಹಾಯಕವೆಂದು ತಿಳಿದುಬಂದಿತು. ಚಿತ್ರರಚನೆಯ ಯಂತ್ರಗಳನ್ನು ಮಾರುವ ಸಂಸ್ಥೆಯಿಂದಲೇ ಈ ಮಾತು ಬಂದುದನ್ನು ಮೆಚ್ಚಬೇಕು. ಹೆಚ್ಚಿನ ಗತಿಯಿಂದ ವಿಳಂಬವೂ ಕೊಂಚ ಇಳಿಯುತ್ತದೆ, ನಿಜ. ಆದರೆ ವಿಳಂಬಕ್ಕೆ ಬೇರೆ ಮೂಲಗಳು ಹಲವಿವೆ: ಗುಂಡಿಯ ಒತ್ತನ್ನು ಯಂತ್ರವು ಅರಿಯುವ ಹೊತ್ತು, ಆಟದ ಲೆಕ್ಕಾಚಾರದ ಹೊತ್ತು, ಬರೆದ ಚಿತ್ರಗಳು ಸರದಿಯಲ್ಲಿ ಕಾಯುವ ಹೊತ್ತು, ತೆರೆಯ ಬಿಂದುಗಳು ಬಣ್ಣ ಬದಲಿಸುವ ಹೊತ್ತು. ದೂರದರ್ಶನದ ತೆರೆಯನ್ನು ಆಟಕ್ಕೆ ಬಳಸುವಾಗ ‘ಗೇಮ್ ಮೋಡ್’ ಎಂಬ ಒಂದು ಆಯ್ಕೆಯನ್ನು ಒತ್ತಿದರೆ, ಚಿತ್ರವನ್ನು ಅಂದಗೊಳಿಸಲು ತೆರೆಯು ತೆಗೆದುಕೊಳ್ಳುತ್ತಿದ್ದ ಹೊತ್ತು ಉಳಿಯುತ್ತದೆ. ಇದಕ್ಕೂ ಬೆಲೆ ತೆರಬೇಕಾಗಿಲ್ಲ.

ದೂರದ ಎದುರಾಳಿಯೊಡನೆ ಆಡುವಾಗ ಮತ್ತೊಂದು ವಿಳಂಬ ಸೇರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಸಾಗುತ್ತದೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರವಾಗಿ ಸುಮಾರು ೩,೨೦೦ ಕಿಲೋಮೀಟರು. ಆಟದ ಕೇಂದ್ರಯಂತ್ರ ಅಲ್ಲಿದ್ದರೆ, ಹೋಗಿಬರಲು ಬೆಳಕಿಗೇ ಕಡಮೆಯೆಂದರೆ ೩೨ ಮಿಲಿಸೆಕೆಂಡು ಬೇಕು. ತಂತಿಗಳು ನೇರವಾಗಿ ಹೋಗುವುದಿಲ್ಲವಾದುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಅದೇ ಯಂತ್ರ ಮುಂಬಯಿಯಲ್ಲಿದ್ದರೆ ಬೆಳಕಿನ ಹೊತ್ತು ಸುಮಾರು ೮ ಮಿಲಿಸೆಕೆಂಡು. ಹತ್ತಿರದ ಕೇಂದ್ರವನ್ನು ಆರಿಸಿಕೊಂಡವನು ಗಳಿಸುವ ಹೊತ್ತನ್ನು ಲೋಕದ ಯಾವ ತೆರೆಯೂ ಮಾರಲಾರದು.

ಸರಾಸರಿಯ ಮೋಸ

ಚಿತ್ರಗತಿಯ ಅಂಕಿಯಲ್ಲಿ ಅಡಗಿರುವ ದೊಡ್ಡ ದೋಷವೆಂದರೆ ಅದು ಸರಾಸರಿ. ಸರಾಸರಿ ಮೂರಡಿ ಆಳದ ಹೊಳೆಯಲ್ಲಿ ಆರಡಿಯ ಮನುಷ್ಯ ಮುಳುಗಿದ ಕಥೆಯನ್ನು ಕೇಳದವರಿಲ್ಲ. ಒಂದು ಸೆಕೆಂಡಿನ ಮೊದಲ ಮುಕ್ಕಾಲು ಭಾಗದಲ್ಲಿ ೫೯ ಚಿತ್ರಗಳು ಬಂದು, ೬೦ನೆಯದು ಉಳಿದ ಕಾಲು ಸೆಕೆಂಡು ಹಾಗೆಯೇ ನಿಂತುಬಿಟ್ಟರೆ, ಎಣಿಕೆಯ ಯಂತ್ರವು ‘೬೦’ ಎಂದೇ ತೋರಿಸುತ್ತದೆ. ಆಟಗಾರನಾದರೋ ಆ ಕಾಲು ಸೆಕೆಂಡಿನಲ್ಲಿ ಸತ್ತಿರುತ್ತಾನೆ! ೨೦೧೧ರಲ್ಲಿ ಸ್ಕಾಟ್ ವಾಸನ್ ಎಂಬ ಅಮೆರಿಕದ ಪರೀಕ್ಷಕನು ಈ ದೋಷವನ್ನು ಎತ್ತಿ ತೋರಿಸಿ, ಪ್ರತಿಯೊಂದು ಚಿತ್ರಕ್ಕೆ ಹಿಡಿದ ಹೊತ್ತನ್ನೂ ಅಳೆಯಬೇಕೆಂದು ವಾದಿಸಿದನು. ಅಂದಿನಿಂದ ಒಳ್ಳೆಯ ಪರೀಕ್ಷಕರು ಅತ್ಯಂತ ನಿಧಾನವಾದ ಚಿತ್ರಗಳ ಲೆಕ್ಕವನ್ನೂ ಕೊಡುತ್ತಿದ್ದಾರೆ. ಮಾರುವವರ ಪೆಟ್ಟಿಗೆಗಳ ಮೇಲೆ ಮಾತ್ರ ದೊಡ್ಡ ಅಂಕಿಯೇ ರಾರಾಜಿಸುತ್ತದೆ.

ಗತಿಯ ಹೊಂದಾಣಿಕೆಯೂ ಅಷ್ಟೇ ಮುಖ್ಯ. ೬೦ರ ತೆರೆಯ ಮೇಲೆ ಯಂತ್ರವು ೪೫ ಚಿತ್ರಗಳನ್ನು ಕೊಟ್ಟರೆ, ಕೆಲವು ಚಿತ್ರಗಳು ಒಂದು ಸರದಿ, ಕೆಲವು ಎರಡು ಸರದಿ ನಿಲ್ಲುತ್ತವೆ. ಈ ತಾಳ ತಪ್ಪಿದ ೪೫ಕ್ಕಿಂತ ತಾಳಬದ್ಧವಾದ ೩೦ ಕಣ್ಣಿಗೆ ಹಿತ. ತೆರೆಯೇ ಯಂತ್ರದ ಗತಿಗೆ ಹೊಂದಿಕೊಳ್ಳುವ ಏರ್ಪಾಡುಗಳು, ೨೦೧೩ರ ಜಿ-ಸಿಂಕ್ ಮತ್ತು ೨೦೧೫ರ ಫ್ರೀ-ಸಿಂಕ್ ಮೊದಲಾದುವು, ಈ ತೊಡಕನ್ನು ಬಹಳಮಟ್ಟಿಗೆ ಬಿಡಿಸಿವೆ. ಮತ್ತೊಂದು ಉಪಾಯವೂ ಉಂಟು. ೧೨೦ರ ತೆರೆಯ ಮೇಲೆ ೪೦ ಚಿತ್ರಗಳನ್ನು ತೋರಿಸಿದರೆ ಪ್ರತಿಯೊಂದೂ ಸರಿಯಾಗಿ ಮೂರು ಸರದಿ, ಅಂದರೆ ೨೫ ಮಿಲಿಸೆಕೆಂಡು, ನಿಲ್ಲುತ್ತದೆ. ಕಾಲದ ದೃಷ್ಟಿಯಿಂದ ೩೦ಕ್ಕೂ ೬೦ಕ್ಕೂ ನಟ್ಟನಡುವಣ ಗತಿ ೪೫ ಅಲ್ಲ, ೪೦ ಎಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು.

ಈಚೆಗೆ ಬಂದ ಒಂದು ವಿದ್ಯೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ೨೦೨೨ರಲ್ಲಿ ಎನ್ವಿಡಿಯ ಸಂಸ್ಥೆ ಹೊರತಂದ ಡಿಎಲ್ಎಸ್ಎಸ್ ೩ ಎಂಬ ಏರ್ಪಾಡು, ನಿಜವಾಗಿ ರಚಿಸಿದ ಎರಡು ಚಿತ್ರಗಳ ನಡುವೆ ಊಹಿಸಿ ಬರೆದ ಚಿತ್ರವೊಂದನ್ನು ಸೇರಿಸುತ್ತದೆ. ಇದರಿಂದ ಚಲನೆ ನಯವಾಗುವುದು ದಿಟ. ಆದರೆ ನಡುವಣ ಚಿತ್ರವನ್ನು ಊಹಿಸಬೇಕಾದರೆ ಮುಂದಿನ ಚಿತ್ರ ಮೊದಲೇ ಸಿದ್ಧವಾಗಿರಬೇಕು. ಎಂದರೆ ಅದನ್ನು ಕೊಂಚ ತಡೆದು ನಿಲ್ಲಿಸಬೇಕು. ಹೀಗೆ ಪಡೆದ ೧೨೦, ಕಣ್ಣಿಗೆ ೧೨೦. ಕೈಗೆ ೬೦ ಅಥವಾ ಅದಕ್ಕಿಂತ ಕೊಂಚ ಕಡಮೆ. ಎರಡನ್ನೂ ಒಂದೇ ಅಂಕಿಯಿಂದ ಕರೆಯುವುದು ಹಾಲಿಗೂ ನೀರು ಬೆರೆಸಿದ ಹಾಲಿಗೂ ಒಂದೇ ಅಳತೆಯ ಪಾತ್ರೆಯನ್ನು ತೋರಿಸಿದಂತೆ.

ಆಟಕ್ಕೆ ತಕ್ಕ ಗತಿ

ಆಟಗಳ ಇತಿಹಾಸವನ್ನು ನೋಡಿದರೆ ಒಳ್ಳೆಯ ಆಟಕ್ಕೂ ದೊಡ್ಡ ಅಂಕಿಗೂ ನಂಟು ಕಡಮೆ ಎಂಬುದು ತಿಳಿಯುತ್ತದೆ. ೧೯೭೮ರಲ್ಲಿ ಬಂದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಶತ್ರುಗಳು ಸತ್ತಂತೆಲ್ಲ ಉಳಿದವರು ವೇಗವಾಗಿ ಬರುತ್ತಿದ್ದರು. ಬರೆಯಬೇಕಾದ ಆಕೃತಿಗಳು ಕಡಮೆಯಾದಾಗ ಯಂತ್ರವು ಬೇಗನೆ ಬರೆಯುತ್ತಿದ್ದುದೇ ಇದರ ಗುಟ್ಟು. ಯಂತ್ರದ ಬಡತನವೇ ಆಟದ ರೋಮಾಂಚವಾಯಿತು. ೧೯೯೮ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನ ಆಫ್ ಟೈಮ್’ ಸೆಕೆಂಡಿಗೆ ೨೦ ಚಿತ್ರಗಳ ಗತಿಯಲ್ಲಿಯೇ ಕೋಟ್ಯಂತರ ಮನಸ್ಸುಗಳನ್ನು ಗೆದ್ದಿತು. ಇದಕ್ಕೆ ವಿರುದ್ಧವಾಗಿ ‘ಸ್ಟ್ರೀಟ್ ಫೈಟರ್’ ಮೊದಲಾದ ಕಾಳಗದ ಆಟಗಳು ೬೦ರ ಗತಿಯನ್ನೇ ಅಡಿಪಾಯವಾಗಿಟ್ಟುಕೊಂಡಿವೆ. ಅಲ್ಲಿ ಪ್ರತಿಯೊಂದು ಹೊಡೆತಕ್ಕೂ ಇಷ್ಟು ಚಿತ್ರಗಳೆಂಬ ಲೆಕ್ಕವುಂಟು. ನುರಿತ ಆಟಗಾರರು ಅದನ್ನು ಮಗ್ಗಿಯಂತೆ ಬಲ್ಲರು. ೧೯೯೯ರ ‘ಕ್ವೇಕ್ ೩’ ಆಟದಲ್ಲಾದರೋ ಲೆಕ್ಕವನ್ನು ದುಂಡಾಗಿಸುವ ರೀತಿಯಿಂದಾಗಿ, ೧೨೫ರ ಗತಿಯಲ್ಲಿ ಆಡಿದವನು ಹೆಚ್ಚು ಎತ್ತರಕ್ಕೆ ನೆಗೆಯುತ್ತಿದ್ದನು! ಅಲ್ಲಿ ೧೨೫ನ್ನು ಬಯಸಿದವರಿಗೆ ಕಣ್ಣಿನೊಡನೆ ಸಂಬಂಧವೇ ಇರಲಿಲ್ಲ.

ಇದನ್ನೆಲ್ಲ ತೂಗಿ ನೋಡಿ ನಾನು ಕೊಡುವ ಅಭಿಪ್ರಾಯ ಇದು. ಚದುರಂಗ, ಊರು ಕಟ್ಟುವ ಆಟ, ಒಗಟು ಬಿಡಿಸುವ ಆಟ ಇವುಗಳಿಗೆ ಸ್ಥಿರವಾದ ೩೦ ಸಾಕು. ಕಥೆಯುಳ್ಳ ಸಾಹಸದ ಆಟಗಳಿಗೆ ೪೦ರಿಂದ ೬೦ ಹಿತ. ವಾಹನದ ಪಂದ್ಯ, ಕಾಳಗ, ಗುಂಡುಹಾರಿಸುವ ಆಟಗಳಿಗೆ ಸ್ಥಿರವಾದ ೬೦ ಬೇಕು. ಮತ್ತು ನಮ್ಮಲ್ಲಿ ಹೆಚ್ಚುಮಂದಿಗೆ ಅದೇ ಸಾಕು. ತೆರೆಯನ್ನು ಹೇಗೂ ಹೊಸದಾಗಿ ಕೊಳ್ಳಬೇಕಾಗಿದ್ದು, ಬೆಲೆಯಲ್ಲಿ ಅಂತರ ಕಡಮೆಯಿದ್ದರೆ ೧೨೦ನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ವ್ಯತ್ಯಾಸವು ಕಣ್ಣಿಗೆ ಕಾಣುತ್ತದೆ. ೨೪೦ ಮತ್ತು ಅದರ ಆಚೆಗಿನವು ಸ್ಪರ್ಧೆಯನ್ನೇ ವೃತ್ತಿಯಾಗಿ ಹಿಡಿದವರ ಉಪಕರಣಗಳು. ತಲೆಗೆ ಕಟ್ಟಿಕೊಳ್ಳುವ ವರ್ಚುಯಲ್ ರಿಯಾಲಿಟಿ ಕನ್ನಡಕಗಳು ಮಾತ್ರ ಈ ಲೆಕ್ಕಕ್ಕೆ ಹೊರತು. ಕತ್ತು ತಿರುಗಿದೊಡನೆ ಲೋಕವೂ ತಿರುಗದಿದ್ದರೆ ಕಿವಿಯೊಳಗಿನ ಸಮತೋಲನದ ಅಂಗಕ್ಕೂ ಕಣ್ಣಿಗೂ ಜಗಳ ಹುಟ್ಟಿ ಓಕರಿಕೆ ಬರುತ್ತದೆ. ೨೦೧೬ರಲ್ಲಿ ಬಂದ ಆಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ೯೦ರ ಗತಿಯನ್ನು ಅಳವಡಿಸಿಕೊಂಡುದು ಈ ಕಾರಣದಿಂದಲೇ.

‘ಸಾಕು’ ಎಂಬ ಮಾತಿಗೆ ಬೆಲೆ ಇರುವುದು ಹಣದ ದೃಷ್ಟಿಯಿಂದ ಮಾತ್ರವಲ್ಲ. ೨೦೨೨ರ ಆರ್‌ಟಿಎಕ್ಸ್ ೪೦೯೦ ಎಂಬ ಚಿತ್ರಯಂತ್ರವು ಒಂದೇ ೪೫೦ ವಾಟುಗಳಷ್ಟು ವಿದ್ಯುತ್ತನ್ನು ಸೆಳೆಯಬಲ್ಲದು. ಹಳೆಯ ಮಾದರಿಯ ಆರು ಸೀಲಿಂಗ್ ಫ್ಯಾನುಗಳು ತಿರುಗುವುದು ಅಷ್ಟೇ ವಿದ್ಯುತ್ತಿನಿಂದ. ಮೊಬೈಲಿನಲ್ಲಿ ಗತಿ ಏರಿಸಿದರೆ ಬಿಸಿ ಏರುತ್ತದೆ, ಬ್ಯಾಟರಿ ಇಳಿಯುತ್ತದೆ. ಬಿಸಿ ಮಿತಿಮೀರಿದಾಗ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ೯೦ನ್ನು ಬೇಡಿದವನಿಗೆ ಹತ್ತು ನಿಮಿಷದ ಮೇಲೆ ಕುಂಟುವ ೪೫ ದೊರೆಯುವುದು ಹೀಗೆ.

ನೀವೇ ಪರೀಕ್ಷಿಸಿ

ಕೊನೆಯದಾಗಿ, ನನ್ನ ಮಾತನ್ನೂ ನಂಬಬೇಡಿ, ಪರೀಕ್ಷಿಸಿ. ಹಣವನ್ನು ಕೊಡುವ ಮೊದಲು ಹೀಗೆ ಮಾಡಿ. ಹೆಚ್ಚಿನ ಗತಿಯ ತೆರೆಯಿರುವ ಗೆಳೆಯನ ಮನೆಯಲ್ಲಿ ಕುಳಿತು, ಅಂಕಿಯನ್ನು ತೋರಿಸುವ ಎಣಿಕೆಯನ್ನು ಮುಚ್ಚಿ. ಗೆಳೆಯನು ನಾಣ್ಯವನ್ನು ಚಿಮ್ಮಿ, ರಾಜ ಬಿದ್ದರೆ ೬೦, ಸಂಖ್ಯೆ ಬಿದ್ದರೆ ೧೨೦ ಎಂದು ಗತಿಯನ್ನು ನಿಮಗೆ ತಿಳಿಯದಂತೆ ಇಡಲಿ. ನೀವು ಒಂದು ನಿಮಿಷ ಆಡಿ ಯಾವುದೆಂದು ಹೇಳಿ. ಹೀಗೆ ಇಪ್ಪತ್ತು ಸಲ ನಡೆಯಲಿ. ಬರಿಯ ಊಹೆಯಿಂದ ಸರಾಸರಿ ಹತ್ತು ಉತ್ತರಗಳು ಸರಿಯಾಗುತ್ತವೆ. ಹದಿನೈದು ಅಥವಾ ಹೆಚ್ಚು ಸರಿಯಾದರೆ, ಅದು ಅದೃಷ್ಟದಿಂದ ಆಗುವ ಸಂಭವ ಸುಮಾರು ಐವತ್ತರಲ್ಲಿ ಒಂದು ಮಾತ್ರ; ನಿಮ್ಮ ಕಣ್ಣು ನಿಜವಾಗಿ ವ್ಯತ್ಯಾಸವನ್ನು ಅರಿಯುತ್ತಿದೆ ಎನ್ನಬಹುದು. ಅನಂತರ ೧೨೦ ಮತ್ತು ೨೪೦ರ ನಡುವೆ ಇದನ್ನೇ ಮಾಡಿ ನೋಡಿ. ವ್ಯತ್ಯಾಸವನ್ನು ಅರಿತವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಗೆಲವು ಸೋಲುಗಳಲ್ಲಿ ಆ ವ್ಯತ್ಯಾಸ ಕಾಣುವುದೇ ಎಂದೂ ಎಣಿಸಬೇಕು. ಕಾಣುವುದು ಬೇರೆ, ಗೆಲ್ಲುವುದು ಬೇರೆ.

ಈ ಪರೀಕ್ಷೆಗೆ ಬೇಕಾದುದು ಒಂದು ನಾಣ್ಯ, ಒಂದು ಕಾಗದ, ಒಂದು ಸಂಜೆ. ಅದರಿಂದ ದೊರೆಯುವ ಉತ್ತರ ನಿಮ್ಮ ಕಣ್ಣಿನದು. ನೆರೆಯವನದಲ್ಲ, ಅಂಗಡಿಯವನದೂ ಅಲ್ಲ. ಮಾರುವವರು ತಮ್ಮ ಸರಕಿನ ಅತಿ ನಿಧಾನವಾದ ಚಿತ್ರದ ಹೊತ್ತನ್ನೂ ಒಟ್ಟು ವಿಳಂಬವನ್ನೂ ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಕೆಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಅಲ್ಲಿಯವರೆಗೆ ಸೆಕೆಂಡಿಗೆ ಸ್ಥಿರವಾದ ೬೦ ಚಿತ್ರಗಳು ದೊರೆತ ವಿದ್ಯಾರ್ಥಿ ತನಗೆ ಕೊರತೆಯಾಯಿತೆಂದು ಕೊರಗಬೇಕಾದ ಕಾರಣವಿಲ್ಲ. ಮಿಕ್ಕ ಹಣದಿಂದ ಕೊಳ್ಳಬಹುದಾದ ಒಳ್ಳೆಯ ವಸ್ತುಗಳು ಪ್ರಪಂಚದಲ್ಲಿ ಬಹಳ ಇವೆ.